ಬೇಲಿ ನಮ್ಮದು, ಬೀದಿ ಎಲ್ಲರದು: ರೂಬೈನಾದಲ್ಲಿ ನಾವು ನೆಲೆಯೂರಿದ್ದು

ವೇಲ್ಸಿನ ರಾಜಧಾನಿ ಕಾರ್ಡಿಫ್‌ಗೆ ಬರುವ ನಮ್ಮ ಕಡೆಯ ಡಾಕ್ಟರು, ನರ್ಸುಗಳು ಸಾಮಾನ್ಯವಾಗಿ ಹೀತ್ ಆಸ್ಪತ್ರೆಯ ಸುತ್ತಮುತ್ತಲೇ ಮನೆ ಹುಡುಕುತ್ತಾರೆ. ನಾವೂ ಹಾಗೇ ಬಂದವರು. ನನ್ನ ಹೆಂಡತಿಗೆ ಅಲ್ಲಿ ಕೆಲಸ. ಕೆಲವು ಕಾಲ ಫ್ಲಾಟಿನಲ್ಲಿದ್ದು, ಆಮೇಲೆ ಊರಿನ ಉತ್ತರಕ್ಕೆ, ಗುಡ್ಡದ ಬುಡದಲ್ಲಿರುವ ರೂಬೈನಾಗೆ ಮನೆ ಬದಲಾಯಿಸಿದೆವು. ಅದರೊಳಗೆ ಗಾರ್ಡನ್ ವಿಲೇಜ್ ಅಂತ ಒಂದು ಹಳೇ ಬಡಾವಣೆ ಇದೆ. ಇನ್ನೂರಕ್ಕಿಂತ ಕಡಿಮೆ ಮನೆಗಳು. ಅಲ್ಲಿ ಹೊಂದಿಕೊಂಡದ್ದು ಹೇಗೆ ಅಂತ ಹೊಸದಾಗಿ ಬಂದವರು ಕೇಳುತ್ತಲೇ ಇರುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಈ ಜಾಗ ಹುಟ್ಟಿದ ಬಗೆ ತಿಳಿದರೆ ಇಲ್ಲಿನ ಅರ್ಧ ಕಟ್ಟುಪಾಡು ತಾನಾಗೇ ಅರ್ಥವಾಗುತ್ತದೆ. ನೂರು ವರ್ಷದ ಹಿಂದೆ ಕಾರ್ಡಿಫ್ ದೊಡ್ಡ ಕಲ್ಲಿದ್ದಲು ಬಂದರು. ಜನ ಬಂದು ತುಂಬಿದ್ದರು, ದುಡಿಯುವವರಿಗೆ ಗಾಳಿ ಬೆಳಕಿನ ಮನೆ ಸಿಗುವುದು ಕಷ್ಟವಿತ್ತು. ಆಗ ಕೆಲವರು ಸೇರಿ ಸಹಕಾರ ಸಂಘ ಕಟ್ಟಿದರು. ಇಂಗ್ಲೆಂಡಿನ ಲೆಚ್‌ವರ್ತ್ ಉದ್ಯಾನನಗರದ ನಕ್ಷೆ ಮಾಡಿದ್ದ ರೇಮಂಡ್ ಅನ್ವಿನ್ ಇಲ್ಲಿಗೂ ನಕ್ಷೆ ಹಾಕಿಕೊಟ್ಟರು. 1913ರಲ್ಲಿ ಲೋನ್ ಇಸಾ ಬೀದಿಯ ಮೊದಲ ಮನೆಗಳು ಮುಗಿದವು. ಆಗ ಮನೆಗಳು ಸಂಘದ್ದಾಗಿದ್ದವು. ಬಾಡಿಗೆಗೆ ಇದ್ದವರೇ ಸಂಘದಲ್ಲಿ ಷೇರುದಾರರಾಗಿದ್ದರು. ಇದರ ಹಿಂದೆ ಓಡಾಡಿದವರಲ್ಲಿ ಎಚ್. ಸ್ಟ್ಯಾನ್ಲಿ ಜೆವನ್ಸ್ ಅನ್ನುವ ಅರ್ಥಶಾಸ್ತ್ರದ ಪ್ರೊಫೆಸರ್ ಒಬ್ಬರು. ಅವರು ಮುಂದೆ ಅಲಹಾಬಾದ್ ವಿಶ್ವವಿದ್ಯಾಲಯಕ್ಕೆ ಹೋಗಿ ಪಾಠ ಮಾಡಿದರು. ಇದು ತಿಳಿದ ದಿನ ನನಗೆ ನಿಜಕ್ಕೂ ಖುಷಿಯಾಯಿತು.

ಇಲ್ಲಿ ಬಿಳಿ ಗಾರೆಯ ಪುಟ್ಟ ಪುಟ್ಟ ಮನೆಗಳು. ನಡುವೆ ಇ ಗ್ರೋಸ್ ಅನ್ನುವ ಹಸಿರು ಬಯಲು. ಮನೆ ಮುಂದೆ ಕಾಂಪೌಂಡ್ ಗೋಡೆಯ ಬದಲು ಗಿಡದ ಬೇಲಿ. ಈ ಬೇಲಿಯಿಂದಲೇ ನಮಗೆ ನೆರೆಹೊರೆಯ ಪರಿಚಯವಾಯಿತು, ಅದಕ್ಕೇ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಬೇಲಿ ನಿಮ್ಮ ಜಾಗದಲ್ಲಿದ್ದರೂ ಅದನ್ನು ನೋಡುವುದು ಬೀದಿಯವರು. ಕಿತ್ತು ಕಾರು ನಿಲ್ಲಿಸಲು ಜಾಗ ಮಾಡುತ್ತೇನೆ ಅಂದರೆ ಆಗದು, ಕೌನ್ಸಿಲ್ ಅನುಮತಿ ಬೇಕು. ಹಳೇ ಬೀದಿಯ ರೂಪ ಕಾಪಾಡಲೆಂದು ಗುರುತಿಸಿದ ಸಂರಕ್ಷಿತ ಪ್ರದೇಶ ಇದು. ಮಾರ್ಚಿನಿಂದ ಆಗಸ್ಟಿನವರೆಗೆ ಹಕ್ಕಿಗಳು ಗೂಡು ಕಟ್ಟುತ್ತವೆ. ಆ ತಿಂಗಳುಗಳಲ್ಲಿ ನಾನು ಬೇಲಿಗೆ ಕತ್ತರಿ ತಾಗಿಸುವುದಿಲ್ಲ. ಬೇಸಿಗೆ ಮುಗಿಯುತ್ತಾ ಬಂದಾಗ, ಗೂಡು ಖಾಲಿಯಾಗಿದೆಯಾ ಅಂತ ಒಳಗೆ ಕೈಯಾಡಿಸಿ ನೋಡಿ, ಆಮೇಲೆ ಶುರು. ಪಕ್ಕದ ಮನೆಯ ಅಜ್ಜಿ ಹೇಳಿಕೊಟ್ಟ ಕ್ರಮ ಇದು: ಬುಡ ಅಗಲ, ತುದಿ ಸ್ವಲ್ಪ ಕಿರಿದು. ಮೇಲೆ ಅಗಲ ಬಿಟ್ಟರೆ ಕೆಳಗಿನ ಎಲೆಗಳಿಗೆ ಬಿಸಿಲು ತಾಕದೆ ಬುಡ ಬೋಳಾಗುತ್ತದೆ. ಒಂದು ಹಳೇ ಬೆಡ್‌ಶೀಟನ್ನು ಪಾದಚಾರಿ ದಾರಿಯ ಮೇಲೆ ಹಾಸಿಕೊಳ್ಳಿ, ಕತ್ತರಿಸಿದ್ದೆಲ್ಲ ಅದರ ಮೇಲೇ ಬೀಳುತ್ತದೆ. ನಮ್ಮ ಬದಿ ಮುಗಿಸಿ ಅಜ್ಜಿಯ ಬದಿಯನ್ನೂ ನಾನೇ ಕತ್ತರಿಸುತ್ತೇನೆ. ಅವರು ಚಹಾ ಹಿಡಿದು ಬಂದು ನಿಲ್ಲುತ್ತಾರೆ. ನಾಯಿ ಹಿಡಿದು ಹೋಗುವವರು, ಸ್ಕೂಲಿನಿಂದ ಬರುವ ಮಕ್ಕಳು, ಪೋಸ್ಟಿನವರು, ಎಲ್ಲರೂ ಒಂದು ಮಾತಾಡಿಯೇ ಮುಂದೆ ಹೋಗುವುದು. ಬೀದಿಯ ಮುಕ್ಕಾಲು ಜನರ ಹೆಸರು ನನಗೆ ಗೊತ್ತಾಗಿದ್ದು ಹೀಗೆ, ಕತ್ತರಿ ಕೈಯಲ್ಲಿದ್ದಾಗ.

ಮನೆಯೊಳಗಿನ ದೊಡ್ಡ ತಲೆನೋವು ತೇವ. ಹಳೇ ಗೋಡೆ, ತಣ್ಣನೆ ಕಿಟಕಿ, ಅದರ ಮೇಲೆ ನಮ್ಮ ಅಡುಗೆ. ಅನ್ನ, ಸಾರು, ಇಡ್ಲಿ, ಎಲ್ಲದರ ಹಬೆಯೂ ಗಾಜಿಗೆ ಬಂದು ಕೂರುತ್ತದೆ. ಬಿಟ್ಟರೆ ಮೂಲೆಯಲ್ಲಿ ಕಪ್ಪು ಬೂಷ್ಟು ಹಿಡಿಯುತ್ತದೆ. ನಾವು ಮಾಡುವುದು ಇಷ್ಟು. ಅಡುಗೆ ಮಾಡುವಾಗ ಅಡುಗೆಮನೆ ಬಾಗಿಲು ಮುಚ್ಚಿ, ಎಕ್ಸಾಸ್ಟ್ ಫ್ಯಾನ್ ಹಾಕಿ, ಕಿಟಕಿ ಒಂದಿಷ್ಟು ತೆರೆದಿಡುತ್ತೇವೆ. ಚಳಿಗೆ ಹೆದರಿ ಮುಚ್ಚಬೇಡಿ. ಬೆಳಿಗ್ಗೆ ಎದ್ದ ಕೂಡಲೇ ಗಾಜು ಒರೆಸುತ್ತೇವೆ. ಬೀರುಗಳನ್ನು ಹೊರಗೋಡೆಗೆ ಒತ್ತಿ ಇಟ್ಟಿಲ್ಲ, ಹಿಂದೆ ಒಂದು ಗೇಣು ಜಾಗ ಬಿಟ್ಟಿದ್ದೇವೆ. ಬಟ್ಟೆಯನ್ನು ರೇಡಿಯೇಟರ್ ಮೇಲೆ ಹಾಕುವುದಂತೂ ಇಲ್ಲವೇ ಇಲ್ಲ. ಕಿಟಕಿ ಬದಲಿಸಬೇಕಾದರೂ ಮೊದಲು ಕೌನ್ಸಿಲ್ಲಿಗೆ ಬರೆದು ಕೇಳಿ, ಹಳೆಯ ಅಚ್ಚಿನದೇ ಹಾಕಿಸಬೇಕು. ಖರ್ಚು ಜಾಸ್ತಿ. ಆದರೂ ಈ ನಿಯಮ ಸರಿ ಅಂತಲೇ ನನ್ನ ಅಭಿಪ್ರಾಯ. ಒಬ್ಬೊಬ್ಬರು ಒಂದೊಂದು ಥರ ಬದಲಿಸಿದ್ದರೆ ಈ ಬೀದಿ ಇಷ್ಟು ಹೊತ್ತಿಗೆ ಗುರುತೇ ಸಿಗುತ್ತಿರಲಿಲ್ಲ.

ಹಿತ್ತಲು ಮಾತ್ರ ಪೂರ್ತಿ ನಮ್ಮ ಇಷ್ಟ. ಮೇ ತಿಂಗಳಲ್ಲಿ ಮೆಂತ್ಯ, ಕೊತ್ತಂಬರಿ ಚೆಲ್ಲಿದರೆ ಚೆನ್ನಾಗಿ ಬರುತ್ತದೆ. ಬಸವನಹುಳುವಿನ ಕಾಟ ಇದ್ದೇ ಇದೆ, ರಾತ್ರಿ ಟಾರ್ಚ್ ಹಿಡಿದು ಆರಿಸುವುದೇ ಮದ್ದು.

ವೆಲ್ಷ್ ಭಾಷೆಯ ಬಗ್ಗೆ ಒಂದು ಮಾತು. ಕಾರ್ಡಿಫಿನಲ್ಲಿ ಇಂಗ್ಲಿಷೇ ಜಾಸ್ತಿ ಕಿವಿಗೆ ಬೀಳುವುದು. ಆದರೆ ಈ ಪುಟ್ಟ ಬಡಾವಣೆಗೂ ವೆಲ್ಷ್ ಸಾಹಿತ್ಯಕ್ಕೂ ಗಟ್ಟಿ ನಂಟಿದೆ. ಕಥೆಗಾರ್ತಿ ಕೇಟ್ ರಾಬರ್ಟ್ಸ್ 1930ರ ಆಸುಪಾಸಿನಲ್ಲಿ ಇಲ್ಲಿದ್ದರು. ಕವಿ ಡಬ್ಲ್ಯು. ಜೆ. ಗ್ರಿಫಿಡ್ ಇದ್ದರು. 1948ರಲ್ಲಿ ತೆರೆದ ಸೇಂಟ್ ಫ್ಯಾಗನ್ಸ್ ಜಾನಪದ ಮ್ಯೂಸಿಯಂ ಕಟ್ಟಿ ಬೆಳೆಸಿದ ಯೋರ್ವರ್ತ್ ಪೀಟ್ ಕೂಡ ರೂಬೈನಾದಲ್ಲೇ ನೆಲೆಸಿದ್ದರು. ದೊಡ್ಡ ಭಾಷೆಯ ಪಕ್ಕದಲ್ಲಿ ತಮ್ಮ ಭಾಷೆಯನ್ನು ಉಳಿಸಿಕೊಳ್ಳಲು ಜೀವ ತೇಯ್ದವರು. ಕನ್ನಡದವರಾದ ನಮಗೆ ಇದು ಬೇಗ ಮನಸ್ಸಿಗೆ ತಟ್ಟುತ್ತದೆ, ಅಲ್ವಾ? ನಾನು ಸಂಜೆಯ ವೆಲ್ಷ್ ಕ್ಲಾಸಿಗೆ ಸೇರಿದೆ. ಅಂಗಡಿಯಲ್ಲಿ ಎರಡು ವಾಕ್ಯ ಆಡಿದರೂ ಎದುರಿನವರ ಮುಖ ಅರಳುತ್ತದೆ.

ಓಡಾಟ ಸುಲಭ. ರೂಬೈನಾ ಸ್ಟೇಷನ್ನಿನಿಂದ ಬರ್ಚ್‌ಗ್ರೋವ್, ಟಿ ಗ್ಲಾಸ್, ಅದಾದ ಮೇಲೆ ಹೀತ್. ಅದೇ ರೈಲು ಊರ ನಡುವಿನ ಕ್ವೀನ್ ಸ್ಟ್ರೀಟಿಗೂ ಹೋಗುತ್ತದೆ. 2023ರ ಸೆಪ್ಟೆಂಬರಿನಿಂದ ವೇಲ್ಸಿನ ಇಂಥ ಬೀದಿಗಳಲ್ಲಿ ಗಂಟೆಗೆ 20 ಮೈಲಿಯ ವೇಗಮಿತಿ ಬಂತು, ಮಕ್ಕಳನ್ನು ಸೈಕಲ್ ಮೇಲೆ ಬಿಡಲು ಧೈರ್ಯ ಬಂದಿದೆ. ಬೇಳೆ, ಮಸಾಲೆ ಸಾಮಾನಿಗೆ ಸಿಟಿ ರೋಡ್ ಕಡೆ ಹೋಗಬೇಕು. ಬೆನ್ನಿಗೇ ವೆನಾಲ್ಟ್ ಗುಡ್ಡ. ಮೇ ತಿಂಗಳಲ್ಲಿ ಅಲ್ಲಿನ ಕಾಡೆಲ್ಲ ಬ್ಲೂಬೆಲ್ ಹೂ. ಊರಿನಿಂದ ಅಪ್ಪ ಅಮ್ಮನನ್ನು ಕರೆಸುವುದಿದ್ದರೆ ಆಗಲೇ ಕರೆಸಿ.

ಕೊಳ್ಳುವ ಯೋಚನೆ ಇರುವವರಿಗೆ ನಾನು ಹೇಳುವುದು ಇಷ್ಟು. ಮೊದಲು ಒಂದು ಚಳಿಗಾಲ ಈ ಕಡೆ ಬಾಡಿಗೆಗೆ ಇರಿ. ಮನೆ ನೋಡಲು ಜನವರಿಯಲ್ಲಿ, ಮಳೆ ಬಂದ ಮಾರನೇ ದಿನ ಹೋಗಿ. ಉತ್ತರದ ಗೋಡೆ ಮುಟ್ಟಿ ನೋಡಿ, ಬೀರುವಿನ ಹಿಂದೆ ಇಣುಕಿ. ಹಿಂದಿನವರು ಕಿಟಕಿ ಬಾಗಿಲು ಬದಲಿಸಿದ್ದರೆ ಅದಕ್ಕೆ ಅನುಮತಿ ಪತ್ರ ಇದೆಯಾ ಅಂತ ವಕೀಲರ ಮೂಲಕ ಕೇಳಿಸಿ. ಬೇಲಿಯ ಯಾವ ಬದಿ ಯಾರ ಜವಾಬ್ದಾರಿ ಅನ್ನುವುದನ್ನೂ ಆಗಲೇ ತಿಳಿದುಕೊಂಡುಬಿಡಿ.