ಟ್ರೇಲರ್ ಗೇಟಿಗೆ ಬಂತು, ಎಲ್ಲಿ ಇಳಿಸೋದು? ಡೇಟಾ ಸೆಂಟರ್ ಸೈಟಿನಲ್ಲಿ ಸ್ಟೋರ್ ನಡೆಸುವ ಬಗೆ

ನವಿ ಮುಂಬಯಿಯ ಥಾಣೆ–ಬೇಲಾಪುರ ರಸ್ತೆಯಲ್ಲಿ ಓಡಾಡುವವರು ಐರೋಳಿ, ರಬಾಳೆ, ಮಹಾಪೆ ಆಸುಪಾಸಿನಲ್ಲಿ ಕಿಟಕಿ ಕಾಣದ ಎತ್ತರದ ಕಟ್ಟಡಗಳು ಏಳುವುದನ್ನು ನೋಡಿರುತ್ತೀರಿ. ಅವುಗಳಲ್ಲಿ ಹಲವು, ಸರ್ವರ್ ಕಂಪ್ಯೂಟರುಗಳನ್ನಿಟ್ಟು ನಡೆಸುವ ಡೇಟಾ ಸೆಂಟರ್‌ಗಳು. ಊರಿಂದ ಬಂದ ನಮ್ಮ ಹುಡುಗರು ಅಲ್ಲಿ ಸ್ಟೋರ್‌ಗೆ ಸೇರಿದ ವಾರದಲ್ಲೇ ಫೋನ್ ಮಾಡುತ್ತಾರೆ: ‘ಅಣ್ಣಾ, ಗೇಟಲ್ಲಿ ಟ್ರೇಲರ್ ನಿಂತದೆ, ಎಲ್ಲಿ ಇಳಿಸ್ಲಿ?’ ಮೂರು ತಿಂಗಳ ಹಿಂದೆಯೇ ಕೇಳಬೇಕಾಗಿದ್ದ ಪ್ರಶ್ನೆ ಅದು.

ದಿನಗಳನ್ನು ಹಿಂದಕ್ಕೆ ಎಣಿಸಿ

ಪ್ರತಿ ವಸ್ತುವೂ ತನ್ನ ಜಾಗದಲ್ಲಿ ಕೂರುವ ದಿನವನ್ನು ಮೊದಲು ಬರೆದುಕೊಳ್ಳಿ. ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಬನ್ನಿ. ಟ್ರಾನ್ಸ್‌ಫಾರ್ಮರ್, ಜನರೇಟರ್‌ಗಳಿಗೆ ಆರ್ಡರ್ ಕೊಟ್ಟು ತಿಂಗಳುಗಟ್ಟಲೆ ಕಾಯಬೇಕು. ಆ ಭಯಕ್ಕೆ ಎಲ್ಲವನ್ನೂ ಬೇಗ ತರಿಸುವ ಚಟ ಮ್ಯಾನೇಜರುಗಳಿಗೆ. ನನ್ನ ಕೇಳಿದರೆ ಬೇಗ ಬಂದದ್ದೇ ಹೆಚ್ಚು ಕಾಟ. ತಡವಾದರೆ ಬೈಗುಳ ತಿಂದು ಮುಗಿಯುತ್ತದೆ, ಬೇಗ ಬಂದದ್ದನ್ನು ಆರು ತಿಂಗಳು ಸಾಕಬೇಕು.

ಕುಮಟಾದಲ್ಲಿ ನಮ್ಮ ಆಯಿ ಮಳೆಗಾಲದ ಕಟ್ಟಿಗೆ ಒಟ್ಟಿಸುವಾಗ ಆಷಾಢಕ್ಕೆ ಬೇಕಾದದ್ದು ಬಾಗಿಲ ಹತ್ತಿರ, ಚೌತಿಯದ್ದು ಒಳಗೆ ಎಂದು ನಿಂತು ಹೇಳುತ್ತಿದ್ದಳು. ಸ್ಟೋರ್ ಅಂದರೂ ಅಷ್ಟೇ. ಕೇಬಲ್ ಟ್ರೇ, ಪೈಪು ಮುಂದೆ. ಯುಪಿಎಸ್, ರ‍್ಯಾಕ್ ಹಿಂದೆ.

ಪಟ್ಟಿಯಲ್ಲಿ ತೂಕ, ಅಳತೆ ಬರೆಯುವಾಗ ಪೆಟ್ಟಿಗೆ ಸಮೇತ ಬರೆಯಿರಿ. ಸರ್ವರ್ ಕೂರಿಸುವ 42 ಯು (ಎತ್ತರದ ಅಳತೆ) ರ‍್ಯಾಕ್ ತಾನೇ ಸುಮಾರು 2 ಮೀಟರ್ ಎತ್ತರ. ಪ್ಯಾಲೆಟ್, ಮರದ ಪೆಟ್ಟಿಗೆ ಸೇರಿದರೆ ಏಳಡಿ ಬಾಗಿಲಲ್ಲಿ ತೂರುವುದಿಲ್ಲ. ಗೇಟಿನಿಂದ ಸರ್ವರ್ ಕೂರುವ ಹಾಲ್‌ವರೆಗಿನ ಪ್ರತಿ ಬಾಗಿಲು, ಲಿಫ್ಟು, ತಿರುವನ್ನು ಟೇಪು ಹಿಡಿದು ನೀವೇ ಅಳೆಯಿರಿ. ಡ್ರಾಯಿಂಗ್ ನಂಬಬೇಡಿ.

ಬಂದರಿನಿಂದ ಗೇಟಿಗೆ

ಆಮದು ಮಾಲು ಬರುವುದು ಬಹುಪಾಲು ನ್ಹಾವಾ ಶೇವಾದಿಂದ. ಬಂದರು ಕೊಟ್ಟ ಪುಕ್ಕಟೆ ದಿನ ಮುಗಿದ ಮೇಲೆ ಬಾಡಿಗೆಯ ಮೀಟರ್ ಓಡತೊಡಗುತ್ತದೆ. ಆದ್ದರಿಂದ ಕಸ್ಟಮ್ಸ್ ಏಜೆಂಟರ ಕೈಗೆ ಹಡಗು ಮುಟ್ಟುವ ಮುಂಚೆಯೇ ಕಾಗದ ಸೇರಿರಬೇಕು. ಸರಕು ಸಾಗಿಸಲು ಬೇಕಾದ ಇ–ವೇ ಬಿಲ್ಲಿನ ಅವಧಿ ಸಾಮಾನ್ಯ ಲಾರಿಗೆ 200 ಕಿ.ಮೀ.ಗೆ ಒಂದು ದಿನ. ಅಳತೆ ಮೀರಿದ ಸರಕಿಗಾದರೆ (ಓವರ್ ಡೈಮೆನ್ಶನಲ್ ಕಾರ್ಗೋ, ಚಿಕ್ಕದಾಗಿ ಓ.ಡಿ.ಸಿ.) 20 ಕಿ.ಮೀ.ಗೇ ಒಂದು ದಿನ ಸಿಗುತ್ತದೆ. ದೊಡ್ಡ ಜನರೇಟರ್ ತರುವಾಗ ಬಿಲ್ಲಿನಲ್ಲಿ ಓ.ಡಿ.ಸಿ. ಎಂದು ನಮೂದಿಸಲು ಮರೆತರೆ ದಾರಿಯಲ್ಲೇ ಅವಧಿ ತೀರುತ್ತದೆ.

ಬೆಳಿಗ್ಗೆ, ಸಂಜೆಯ ದಟ್ಟಣೆಯಲ್ಲಿ ಭಾರೀ ವಾಹನ ಬಿಡುವುದಿಲ್ಲ. ಹಾಗಾಗಿ ಟ್ರೇಲರ್ ರಾತ್ರಿ ಬರುತ್ತದೆ ಎಂದೇ ಎಣಿಸಿ, ಹೈಡ್ರಾ ಕ್ರೇನು, ಲೈಟು, ಜನ ಎಲ್ಲ ಆ ಹೊತ್ತಿಗೆ ಸಿದ್ಧವಿರಲಿ. ಮಹಾರಾಷ್ಟ್ರದಲ್ಲಿ 1969ರಿಂದಲೂ ಮಾಥಾಡಿ (ಹಮಾಲಿ ಕೆಲಸಗಾರರ) ಕಾಯ್ದೆ ಇದೆ. ನೋಂದಾಯಿತ ಟೋಳಿಯ ಜತೆ ದರ ಮೊದಲೇ ಮಾತಾಡಿ. ನಡುರಾತ್ರಿ ಗೇಟಲ್ಲಿ ಚೌಕಾಸಿ ಗೆದ್ದವರನ್ನು ನಾನು ಕಂಡಿಲ್ಲ.

ಸಹಿ ಹಾಕುವ ಮುನ್ನ

ದೊಡ್ಡ ವಿದ್ಯುತ್ ಪ್ಯಾನೆಲ್‌ಗಳ ಪೆಟ್ಟಿಗೆ ಮೇಲೆ ಸಣ್ಣ ಸ್ಟಿಕ್ಕರ್ ಇರುತ್ತದೆ. ಪೆಟ್ಟಿಗೆ ವಾಲಿದರೆ, ಜೋರಾಗಿ ಕುಕ್ಕಿದರೆ ಒಳಗಿನ ಬಿಳಿ ಕೆಂಪಾಗುತ್ತದೆ. ನನ್ನ ಮೊದಲ ವರ್ಷ, ರಾತ್ರಿ ಎರಡು ಗಂಟೆ, ಮಳೆ. ಸ್ಟಿಕ್ಕರ್ ಕೆಂಪಾಗಿತ್ತು. ಡ್ರೈವರ್ ‘ಸಾಬ್, ಜಲ್ದಿ’ ಅಂದ, ನಾನು ಚಲನ್ (ಮಾಲು ಮುಟ್ಟಿದ ಚೀಟಿ) ಮೇಲೆ ಸಹಿ ಗೀಚಿದೆ. ಎರಡು ವಾರದ ಮೇಲೆ ಪೆಟ್ಟಿಗೆ ತೆರೆದರೆ ಒಳಗೆ ಬಸ್‌ಬಾರ್ (ಕರೆಂಟು ಹರಿಯುವ ಲೋಹದ ಪಟ್ಟಿ) ಸಪೋರ್ಟು ಸೀಳಿತ್ತು. ಚಲನ್ ಮೇಲೆ ಒಂದಕ್ಷರ ಬರೆದಿಲ್ಲವಲ್ಲ ಎಂದು ವಿಮೆಯವರು ಕೈ ಎತ್ತಿದರು. ಅಂದಿನಿಂದ ಕಂಟೇನರ್ ಸೀಲಿನ ನಂಬರು, ನಾಲ್ಕೂ ಬದಿ, ಸ್ಟಿಕ್ಕರ್ ಇವುಗಳ ಫೋಟೋ ತೆಗೆಯದೆ ಹಗ್ಗ ಬಿಚ್ಚಲು ಬಿಡುವುದಿಲ್ಲ. ಸ್ಟಿಕ್ಕರ್ ಕೆಂಪಾಗಿದ್ದರೆ ಮಾಲು ಇಳಿಸಿಕೊಳ್ಳಿ. ಆದರೆ ಚಲನ್ ಮೇಲೂ ಎಲ್‌ಆರ್ (ಲಾರಿಯವರ ರಸೀದಿ) ಮೇಲೂ ಅದನ್ನು ಬರೆದು ಡ್ರೈವರನ ಸಹಿ ಪಡೆಯಿರಿ.

ನೀರು, ಸೆಕೆ, ಗಾಳಿ

2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಬಿದ್ದ ಊರು ಇದು. ಭಿವಂಡಿಯಲ್ಲಿ ಗೋದಾಮು ಹಿಡಿಯಲಿ, ಸೈಟಲ್ಲೇ ಶೆಡ್ ಹಾಕಲಿ, ಮೊದಲು ಪಕ್ಕದ ಚಹಾ ಅಂಗಡಿಯವನನ್ನು ಕೇಳಿ: ‘ಮಳೆಗಾಲದಲ್ಲಿ ನೀರು ಎಲ್ಲಿವರೆಗೆ ಬರ್ತದೆ?’ ದಲ್ಲಾಳಿ ಹೇಳದ್ದನ್ನು ಅವನು ಗೋಡೆ ಮೇಲೆ ಬೆರಳಿಟ್ಟು ತೋರಿಸುತ್ತಾನೆ. ಮಾಲು ಅದಕ್ಕಿಂತ ಮೇಲಿರಲಿ.

ತಾಡಪತ್ರಿಯನ್ನು ನೆಲಕ್ಕೆ ತಾಗಿಸಿ ಬಿಗಿದು ಕಟ್ಟುವವರೇ ಹೆಚ್ಚು. ಹಾಗೆ ಕಟ್ಟಿದರೆ ಒಳಗಿನ ಹಬೆ ನೀರಾಗಿ ಮಾಲಿನ ಮೇಲೇ ತೊಟ್ಟಿಕ್ಕುತ್ತದೆ. ಕೆಳಗೆ ಒಂದು ಗೇಣು ಗಾಳಿ ಆಡಲಿ. ಪ್ಯಾನೆಲ್‌ಗಳೊಳಗೆ ಹೀಟರ್ ಇದ್ದರೆ ತಾತ್ಕಾಲಿಕ ಲೈನ್ ಕೊಟ್ಟು ಉರಿಸಿ. ನೀಲಿ ಸಿಲಿಕಾ ಜೆಲ್ ಗುಲಾಬಿಗೆ ತಿರುಗಿದರೆ ಬದಲಿಸಿ. ಹಾಲ್ ತಂಪಾಗಿಸುವ ಚಿಲ್ಲರ್‌ನಲ್ಲಿ ನೈಟ್ರೋಜನ್ ತುಂಬಿ ಕಳಿಸಿದ್ದರೆ ವಾರಕ್ಕೊಮ್ಮೆ ಗೇಜ್ ಓದಿ ಬರೆದಿಡಿ, ಒತ್ತಡ ಇಳಿದರೆ ಎಲ್ಲೋ ಸೋರಿಕೆಯಿದೆ. ಜನರೇಟರಿನ ಹೊಗೆಕೊಳವೆಯ ಬಾಯಿ ಮುಚ್ಚಿ, ಇಲಿಗೂ ಮಳೆಗೂ. ಕೇಬಲ್ ಡ್ರಮ್ ಅಡ್ಡ ಮಲಗಿಸಬೇಡಿ.

ಬ್ಯಾಟರಿಯೇ ನಿಜವಾದ ತಲೆನೋವು. ಸೀಲ್ ಆದ ಲೆಡ್ ಆಸಿಡ್ ಬ್ಯಾಟರಿ 25 ಡಿಗ್ರಿಯಲ್ಲಿ ಇಟ್ಟರೂ ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಚಾರ್ಜ್ ಕೇಳುತ್ತದೆ. ತಗಡಿನ ಶೆಡ್ಡಿನ ಸೆಕೆಯಲ್ಲಿ 35 ಡಿಗ್ರಿ ಆದರೆ ಆ ಗಡುವು ಅರ್ಧಕ್ಕಿಳಿಯುತ್ತದೆ. ಪೆಟ್ಟಿಗೆ ಮೇಲೆ ಮುಂದಿನ ಚಾರ್ಜಿನ ತಾರೀಕು ಮಾರ್ಕರಿನಲ್ಲಿ ದಪ್ಪಗೆ ಬರೆಯಿರಿ. ಲಿಥಿಯಂ ಬ್ಯಾಟರಿ ಅಪಾಯಕಾರಿ ಸರಕಿನ 9ನೇ ವರ್ಗಕ್ಕೆ ಸೇರಿದ್ದು. ಅದಕ್ಕೆ ಬೇರೆಯೇ ಕೋಣೆ ಬೇಕು, ವಿಮೆಯವರಿಗೂ ಮೊದಲೇ ತಿಳಿಸಿರಬೇಕು.

ಮಹಾಪೆ, ರಬಾಳೆಯ ಸುತ್ತ ಕೆಮಿಕಲ್ ಕಾರ್ಖಾನೆಗಳಿವೆ, ಅವುಗಳ ಗಾಳಿ ಲೋಹವನ್ನು ತಿನ್ನಬಹುದು. ಸರ್ವರ್ ಇಡುವ ಜಾಗದಲ್ಲಿ ತಾಮ್ರ, ಬೆಳ್ಳಿಯ ಸಣ್ಣ ಪಟ್ಟಿಗಳನ್ನು ಒಂದು ತಿಂಗಳು ತೂಗುಹಾಕಿ ಲ್ಯಾಬಿಗೆ ಕಳಿಸಿ. ತಾಮ್ರದ ಮೇಲೆ ಕಟ್ಟಿದ ಕಿಲುಬಿನ ಪದರ ತಿಂಗಳಿಗೆ 300 ಆಂಗ್‌ಸ್ಟ್ರಾಮ್‌ಗಿಂತ (ಮಿಲಿಮೀಟರಿನ ಕೋಟಿಯ ಒಂದು ಪಾಲು ಒಂದು ಆಂಗ್‌ಸ್ಟ್ರಾಮ್), ಬೆಳ್ಳಿಯದ್ದು 200ಕ್ಕಿಂತ ಕಮ್ಮಿ ಇದ್ದರೆ ಗಾಳಿ ಸರಿಯಿದೆ. ಮೀರಿದರೆ ಸರ್ವರ್‌ಗಳನ್ನು ಅಲ್ಲಿ ಬಿಚ್ಚಬೇಡಿ.

ಹಾಲ್ ಒಳಗೆ

ಸೆಕೆಯ ಶೆಡ್ಡಿನಿಂದ ತಂಪು ಹಾಲಿಗೆ ತಂದ ಮಾಲನ್ನು ಪ್ಲಾಸ್ಟಿಕ್ ಬಿಚ್ಚದೆ ಒಂದು ದಿನ ಬಿಡಿ, ಹಾಲಿನ ತಂಪಿಗೆ ಹೊಂದಿಕೊಳ್ಳಲಿ. ಒಮ್ಮೆ ತಣ್ಣಗಾದ ಯಂತ್ರವನ್ನು ಮತ್ತೆ ಸೆಕೆಗೆ ಒಯ್ದರೆ ಮಾತ್ರ ಫ್ರಿಜ್ಜಿನ ಬಾಟಲಿಯ ಹಾಗೆ ಬೆವರುತ್ತದೆ. ಎತ್ತರಿಸಿದ ನೆಲದ ಮೇಲೆ ಪ್ಲೈವುಡ್ ಹಾಸದೆ ಪ್ಯಾಲೆಟ್ ಗಾಡಿ ತಳ್ಳಬೇಡಿ. ರಟ್ಟು, ಮರದ ಪುಡಿ ಹಾಲಿನೊಳಗೆ ಬರಕೂಡದು, ಪೆಟ್ಟಿಗೆ ಹೊರಗೇ ಒಡೆಯಿರಿ.

ಒಡೆದ ಪೆಟ್ಟಿಗೆಗಳಿಗಾಗಿ ಭಂಗಾರದವನು (ಗುಜರಿಯವನು) ದಿನವೂ ಗೇಟಿಗೆ ಬಂದು ನಿಲ್ಲುತ್ತಾನೆ. ಯುಪಿಎಸ್ ಕೆಟ್ಟು ಕಂಪನಿಗೆ ವಾಪಸ್ ಹೋಗಬೇಕಾದರೆ ಅದೇ ಪೆಟ್ಟಿಗೆಯೇ ಬೇಕು. ಟೆಸ್ಟಿಂಗ್ ರಿಪೋರ್ಟಿಗೆ ಸಹಿ ಬೀಳುವವರೆಗೆ ಅವನಿಗೆ ಚಹಾ ಕುಡಿಸಿ ಕಳಿಸುತ್ತಿರಿ.