ವಾಚ್ ತಗೊಳ್ಳುವ ಮೊದಲು ಒಳಗಿನ ಚಿಪ್ ನೋಡಿ ಮಾರಾಯ್ರೆ

ಮಂಗಳೂರಿನ ಹಂಪನಕಟ್ಟೆಯಲ್ಲಿ ಯಾವ ಅಂಗಡಿಗೆ ಹೋಗಿ ಸ್ಮಾರ್ಟ್‌ವಾಚ್ ಕೇಳಿದರೂ ಮೊದಲು ಪರದೆ ತೋರಿಸುತ್ತಾರೆ, ಆಮೇಲೆ ಬೆಲ್ಟಿನ ಬಣ್ಣ. ಚಿಪ್ ಯಾವುದು ಅಂತ ಕೇಳಿದರೆ "ಒಳ್ಳೆ ಪ್ರೊಸೆಸರ್ ಉಂಟು ಸರ್" ಅಂತಾರೆ, ಅಷ್ಟೆ. ನಾನೂ ಹಾಗೇ ನಂಬಿ ಒಂದು ತಗೊಂಡೆ. ಉಡುಪಿಗೆ ಬಸ್ಸಲ್ಲಿ ಹೊರಟು ಜಿಪಿಎಸ್ ಆನ್ ಮಾಡಿದ್ದೆ, ಪಡುಬಿದ್ರಿ ಬರುವಾಗ ಅರ್ಧ ಚಾರ್ಜ್ ಖಾಲಿ.

ಹಾಗಾಗಿ ಮನೆಯಲ್ಲೇ ಕೂತು ಮಾಡೆಲ್ ಹೆಸರಿನ ಜೊತೆ ಚಿಪ್‌ಸೆಟ್ ಅಂತ ಸೇರಿಸಿ ಹುಡುಕಿ. ಚಿಪ್ ಬಂದ ವರ್ಷ, ಎಷ್ಟು ನ್ಯಾನೋಮೀಟರ್ (ಚಿಪ್ ಎಷ್ಟು ಸೂಕ್ಷ್ಮವಾಗಿ ಮಾಡಿದ್ದು ಅಂತ ಕಂಪನಿ ಹೇಳುವ ಅಂಕೆ), ಇವೆರಡನ್ನು ಬರೆದಿಟ್ಟುಕೊಳ್ಳಿ. ಸಾಮಾನ್ಯವಾಗಿ ನ್ಯಾನೋಮೀಟರ್ ಕಡಿಮೆ ಇದ್ದಷ್ಟು ಅದೇ ಕೆಲಸಕ್ಕೆ ಕರೆಂಟ್ ಕಡಿಮೆ ಸಾಕು. ವಾಚ್ ಹೊಸದು ಅಂದ ಮಾತ್ರಕ್ಕೆ ಚಿಪ್ ಹೊಸದಲ್ಲ. 2022ರಲ್ಲಿ ಬಂದ ಗೂಗಲ್‌ನ ಮೊದಲ ಪಿಕ್ಸೆಲ್ ವಾಚಿನಲ್ಲಿ ಇದ್ದದ್ದು ಸ್ಯಾಮ್‌ಸಂಗ್‌ನ 2018ರ ಚಿಪ್ ಎಕ್ಸಿನೋಸ್ 9110, 10 ನ್ಯಾನೋಮೀಟರಿನದ್ದು. ಆ ವಾಚಿಗಿಂತ ಒಂದು ವರ್ಷ ಮೊದಲೇ ಸ್ಯಾಮ್‌ಸಂಗ್‌ನದ್ದೇ ಗ್ಯಾಲಕ್ಸಿ ವಾಚ್ 4ರಲ್ಲಿ 5 ನ್ಯಾನೋಮೀಟರಿನ ಎಕ್ಸಿನೋಸ್ ಡಬ್ಲ್ಯು920 ಬಂದಾಗಿತ್ತು!

ಆಮೇಲೆ ಸಣ್ಣ ಕೋರ್, ಅಂದರೆ ಚಿಪ್ಪಿನೊಳಗೆ ಕೆಲಸ ಮಾಡುವ ಸಣ್ಣ ಭಾಗ, ಉಂಟಾ ನೋಡಿ. ನನಗಂತೂ ಇದೇ ಮುಖ್ಯ. ವಾಚ್ ದಿನದ ಬಹುಪಾಲು ಹೊತ್ತು ಸುಮ್ನೆ ಟೈಮ್ ತೋರಿಸುತ್ತಾ, ಹೆಜ್ಜೆ ಎಣಿಸುತ್ತಾ ಇರುತ್ತದೆ, ಅಲ್ವಾ? ಅಷ್ಟಕ್ಕೆ ದೊಡ್ಡ ಕೋರನ್ನು ಎಬ್ಬಿಸುವುದೆಂದರೆ ಒಂದು ಲೋಟ ಚಾಕ್ಕೆ ಮದುವೆ ಅಡಿಗೆಯ ಒಲೆ ಹಚ್ಚಿದ ಹಾಗೆ. ಡಬ್ಲ್ಯು920ರಲ್ಲಿ ಎರಡು ಕಾರ್ಟೆಕ್ಸ್ ಎ55 ಕೋರ್‌ಗಳ ಪಕ್ಕದಲ್ಲಿ ಪುಟ್ಟದೊಂದು ಎಂ55 ಇದೆ, ಯಾವಾಗಲೂ ಉರಿಯುವ ಪರದೆಯನ್ನು ಅದೇ ನೋಡಿಕೊಳ್ಳುತ್ತದೆ. ಒನ್‌ಪ್ಲಸ್ ವಾಚ್ 2ರಲ್ಲಂತೂ ಚಿಪ್ಪೇ ಎರಡು: ದೊಡ್ಡ ಕೆಲಸಕ್ಕೆ ಸ್ನಾಪ್‌ಡ್ರಾಗನ್ ಡಬ್ಲ್ಯು5, ಚಿಲ್ಲರೆ ಕೆಲಸಕ್ಕೆ ಬಿಇಎಸ್2700. ಕಡಿಮೆ ಬೆಲೆಯ ಬ್ಯಾಂಡುಗಳಲ್ಲಿ ಸಣ್ಣ ಚಿಪ್ ಒಂದೇ ಇರುತ್ತದೆ, ಅದಕ್ಕೇ ಅವು ವಾರಗಟ್ಟಲೆ ಓಡುತ್ತವೆ. ಬೇಕಾದ್ದು ಹೆಜ್ಜೆ, ನಿದ್ದೆಯ ಲೆಕ್ಕ ಮಾತ್ರ ಅಂತಾದರೆ ಅದೇ ಸಾಕು, ದುಡ್ಡು ಉಳಿಸಿ.

ವಾಚ್ ಅಲ್ಲ, ಸೆಕೆಂಡ್ ಹ್ಯಾಂಡ್ ಆಂಡ್ರಾಯ್ಡ್ ಫೋನ್ ತಗೊಳ್ಳುವುದಾದರೆ ಸಿಪಿಯು-ಝಡ್ ಆ್ಯಪ್ ಹಾಕಿ ಚಿಪ್ ಹೆಸರು ನೋಡಿ. ಅಷ್ಟಕ್ಕೇ ಬಿಡಬೇಡಿ, ನಮ್ಮೂರಿನ ಸೆಕೆ ಗೊತ್ತಲ್ಲ, ಜಾಸ್ತಿ ಬಿಸಿಯಾದರೆ ಚಿಪ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಅಂಗಡಿಯ ಎಸಿಯಿಂದ ಹೊರಗೆ ಬಂದು, ಕವರ್ ತೆಗೆದು, ನೆರಳಲ್ಲಿ ಹತ್ತು ನಿಮಿಷ 4ಕೆ ವಿಡಿಯೋ ಮಾಡಿ. ಕ್ಯಾಮೆರಾ ಪಕ್ಕ ಬೆರಳು ಇಡಲಾಗದಷ್ಟು ಬಿಸಿಯಾದರೆ, ಅಥವಾ ವಿಡಿಯೋ ತಾನೇ ನಿಂತರೆ, ಫೋನ್ ವಾಪಸ್ ಕೊಟ್ಟು ಬನ್ನಿ.