ಪಿಕ್ಸೆಲ್ ಬಿಟ್ಟು ರೆಮ್ ಹಿಡಿದದ್ದು

ಮೂರು ವರ್ಷದ ಹಿಂದೆ ಒಂದು ಕನ್ನಡ ಮಾಸಪತ್ರಿಕೆಗೆ ಜಾಲತಾಣ ಮಾಡಿಕೊಟ್ಟೆ. ಒಟ್ಟು ಸುಮಾರು 35 ಸಾವಿರದ ಕೆಲಸ. ಕೊನೆಯ ಕಂತಿನ 10 ಸಾವಿರ ಮಾತ್ರ ನಾಲ್ಕೈದು ತಿಂಗಳು ಬರಲೇ ಇಲ್ಲ. ತಡೆದವರು ಕರಡು ತಿದ್ದುವ ಮೇಷ್ಟ್ರು. ಎಪ್ಪತ್ತು ದಾಟಿದ ಅವರು ಕ್ರೋಮ್‌ನ ಸೆಟ್ಟಿಂಗ್‌ನಲ್ಲಿ ಅಕ್ಷರದ ಗಾತ್ರವನ್ನು ತುಂಬ ದೊಡ್ಡದು ಮಾಡಿಟ್ಟುಕೊಂಡಿದ್ದರು. ಅಂದರೆ 16 ಪಿಕ್ಸೆಲ್ (ಪರದೆಯ ಚುಕ್ಕಿ ಲೆಕ್ಕದ ಅಳತೆ) ಜಾಗದಲ್ಲಿ 24. “ಬೇರೆ ಪುಟಗಳೆಲ್ಲ ನನ್ನ ಮಾತು ಕೇಳುತ್ತವೆ, ನಿನ್ನದೊಂದು ಕೇಳುವುದಿಲ್ಲವಲ್ಲಪ್ಪ” ಎಂದರು. ಕೇಳುವುದಾದರೂ ಹೇಗೆ? 15 ಪಿಕ್ಸೆಲ್ ಎಂದು ಮೊಳೆ ಹೊಡೆದವನು ನಾನೇ.

ಬೆಂಗಳೂರಿನ ಗೆಳೆಯನಿಗೆ ಹೇಳಿದರೆ, “ಜೂಮ್ ಮಾಡಿಕೊಳ್ಳಲು ಹೇಳು. ಒಬ್ಬ ಮೇಷ್ಟ್ರಿಗಾಗಿ ಇಡೀ ಸಿಎಸ್‌ಎಸ್ ಬಿಚ್ಚುತ್ತಾರೆಯೇ?” ಎಂದು ನಕ್ಕ. ಸಿಎಸ್‌ಎಸ್ ಅಂದರೆ ಪುಟದ ರೂಪ ಹೇಳುವ ಕೋಡ್. ಜೂಮ್‌ಗೆ ಪಿಕ್ಸೆಲ್ ಬಗ್ಗುತ್ತದೆ, ನಿಜ. ಆದರೆ ಮೇಷ್ಟ್ರು ಮುಟ್ಟಿದ್ದು ಬ್ರೌಸರಿನ ಮೂಲ ಗಾತ್ರವನ್ನು. ಅದು ಪಿಕ್ಸೆಲ್‌ಗೆ ತಾಗುವುದೇ ಇಲ್ಲ. ಬಿಚ್ಚಿದೆ.

ಮೊದಲು ಎಲ್ಲವನ್ನೂ ಎಮ್‌ಗೆ ತಂದೆ, ಅಂದರೆ ಸುತ್ತಲಿನ ಅಕ್ಷರದ ಗಾತ್ರಕ್ಕೆ ಇಷ್ಟು ಪಟ್ಟು ಎಂಬ ಅಳತೆಗೆ. ಪಟ್ಟಿಗೆ 0.9 ಎಮ್ ಕೊಟ್ಟಿದ್ದೆ. ಪಟ್ಟಿಯೊಳಗೊಂದು ಪಟ್ಟಿ, ಅದರೊಳಗೆ ಇನ್ನೊಂದು. ಮೂರನೆಯದಕ್ಕೆ ಬರುವಾಗ ಅಕ್ಷರ ಮುಕ್ಕಾಲಿಗಿಂತ ಕೆಳಗಿಳಿದಿತ್ತು. ಆಮೇಲೆ ರೆಮ್ ಹಿಡಿದೆ; ಅದು ಇಡೀ ಪುಟದ ಮೂಲ ಗಾತ್ರಕ್ಕೆ ಇಷ್ಟು ಪಟ್ಟು ಎಂಬ ಅಳತೆ. ಜೊತೆಗೆ ಎಲ್ಲರೂ ಮಾಡುವ ಶೇ 62.5ರ ಉಪಾಯ, ಅಂದರೆ ಆ ಮೂಲವನ್ನು 16ರಿಂದ 10ಕ್ಕೆ ಇಳಿಸುವುದು. ಲೆಕ್ಕ ಸುಲಭವಾಯಿತು, ಆದರೆ ಹೊರಗಿನಿಂದ ತಂದು ಕೂರಿಸಿದ ಹಣ ಪಾವತಿಯ ಫಾರ್ಮ್ ಕೂಡ ರೆಮ್‌ನಲ್ಲೇ ಇತ್ತು. ಅದು ಕುಗ್ಗಿ ಇರುವೆ ಸಾಲಿನಂತಾಯಿತು. ಹೀಗೆ ಎರಡು ವಾರ ಹೋಯಿತು, ಒಂದು ಪೈಸೆಯೂ ಹುಟ್ಟಲಿಲ್ಲ. ಕೊನೆಗೆ ಮೂಲವನ್ನು ಶೇ 100ಕ್ಕೇ ಬಿಟ್ಟು ಲೇಖನಕ್ಕೆ 1.125 ರೆಮ್, ಬಟನ್ನಿನ ಒಳ ಅಂಚಿಗೂ ಪರದೆಯ ಅಗಲ ನೋಡಿ ರೂಪ ಬದಲಿಸುವ ಮೀಡಿಯಾ ಕ್ವೆರಿಗೂ ಎಮ್ ಇಟ್ಟೆ.

ಗೆದ್ದೆನೆಂದುಕೊಂಡು ಮೇಷ್ಟ್ರ ಮುಂದೆ ಪುಟ ತೆರೆದರೆ ಅಕ್ಷರಗಳು ಒಂದರ ಮೇಲೊಂದು ಹತ್ತಿದ್ದವು. ಸಾಲಿನ ಎತ್ತರವನ್ನು 26 ಪಿಕ್ಸೆಲ್‌ನಲ್ಲೇ ಮರೆತುಬಿಟ್ಟಿದ್ದೆ. ಅವರ ಪರದೆಯಲ್ಲಿ ಅಕ್ಷರವೇ 27. ‘ರಾಷ್ಟ್ರ’ದ ಎರಡು ಒತ್ತುಗಳು ಕೆಳಗಿನ ಸಾಲಿನ ‘ಕೀ’ಯ ಗುಡಿಸಿನ ಮೇಲೆ ಕುಳಿತಿದ್ದವು. ಅದಕ್ಕಿಂತ ಹೆಚ್ಚು ನಾಚಿಕೆಯಾದದ್ದು ಬಟನ್ ನೋಡಿ. ಎತ್ತರ 36 ಪಿಕ್ಸೆಲ್, ಹೊರಗೆ ಚಾಚಿದ್ದೆಲ್ಲ ಕತ್ತರಿ. ‘ಚಂದಾ ಕಟ್ಟಿ’ ಎಂಬುದು ‘ಚಂದಾ ಕಟಿ’ ಆಗಿತ್ತು. ಇಂಗ್ಲಿಷ್ ಪುಟವಾಗಿದ್ದರೆ ಇಷ್ಟು ಬೇಗ ಸಿಕ್ಕಿಬೀಳುತ್ತಿರಲಿಲ್ಲ. ಬಟನ್ನಿಗೆ ಕನಿಷ್ಠ ಎತ್ತರ ಮಾತ್ರ ಉಳಿಸಿದೆ. ಸಾಲಿನ ಎತ್ತರಕ್ಕೆ ಯಾವ ಘಟಕವೂ ಇಲ್ಲದ ಬರೀ ಸಂಖ್ಯೆ ಕೊಟ್ಟೆ: 1.5 ಸಾಲಲಿಲ್ಲ, 1.75 ಹಿಡಿಸಿತು.

ನಡುವೆ ಒಂದೆರಡು ಹುಚ್ಚು ಪ್ರಯೋಗಗಳೂ ನಡೆದವು. ಅಂಕಣದ ಅಗಲಕ್ಕೆ 66 ಸಿಎಚ್ ಕೊಟ್ಟು ನೋಡಿದೆ. ಅದು ಸೊನ್ನೆಯ ಅಗಲವನ್ನು ಅಳೆಯುವ ಮಾನ; ನಮ್ಮ ಅಕ್ಷರಗಳು ಸೊನ್ನೆಗಿಂತ ದಪ್ಪ, ಸಾಲಿಗೆ ಐವತ್ತರ ಆಸುಪಾಸಿನಲ್ಲೇ ನಿಂತವು. ಶೀರ್ಷಿಕೆಗೆ ಬರೀ ವಿಡಬ್ಲ್ಯು (ಬ್ರೌಸರ್ ಕಿಟಕಿಯ ಅಗಲದಲ್ಲಿ ಶೇಕಡಾ ಇಷ್ಟು ಎಂಬ ಅಳತೆ) ಹಾಕಿದಾಗ ಗೆಳೆಯ ಹೊಗಳಿದ ಜೂಮ್ ಕೂಡ ಕೆಲಸ ಮಾಡಲಿಲ್ಲ. ಶೇ 200ಕ್ಕೆ ಏರಿಸಿದರೂ ಶೀರ್ಷಿಕೆ ಇದ್ದಲ್ಲೇ ಇತ್ತು. ಈಗ ಅದರ ಜೊತೆ ರೆಮ್ ಕೂಡಿಸಿ, ಕನಿಷ್ಠ ಗರಿಷ್ಠ ಮಿತಿ ಹಾಕುವ ಕ್ಲ್ಯಾಂಪ್‌ನಲ್ಲಿ ಕಟ್ಟಿದ್ದೇನೆ.

ನೋಟೊ ಫಾಂಟ್ ಇಳಿಯುವವರೆಗೆ ವಿಂಡೋಸ್‌ನ ನಿರ್ಮಲಾ ಕಾಣಿಸಿ, ಆಮೇಲೆ ಸಾಲುಗಳು ಜಿಗಿಯುತ್ತಿದ್ದವು. ಫಾಂಟಿನ ಗಾತ್ರವನ್ನು ಶೇಕಡಾ ಲೆಕ್ಕದಲ್ಲಿ ಹೊಂದಿಸುವ ಸೈಜ್ ಅಡ್ಜಸ್ಟ್‌ನಿಂದ ಅದನ್ನು ಹದಕ್ಕೆ ತಂದೆ. ಶೇಕಡಾ ಎಷ್ಟು ಎಂದು ಅದೇ ಗೆಳೆಯ ಎರಡು ಸಲ ಫೋನ್ ಮಾಡಿ ಕೇಳಿದ್ದಾನೆ. ಹತ್ತಾರು ಸಂಜೆ ಕೂತು ಕಂಡುಕೊಂಡ ಅಂಕಿ. ಅವನಿಗೂ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ.

ಹತ್ತು ಸಾವಿರ ಬಂತು. ಅದರ ಹಿಂದೆಯೇ ಮೇಷ್ಟ್ರಿಂದ ಒಂದೂವರೆ ಪುಟದ ಪಟ್ಟಿಯೂ ಬಂತು: ಅಕ್ಷರ ದೊಡ್ಡದಾದ ಮೇಲೆ ಕಣ್ಣಿಗೆ ಬಿದ್ದ ಕಾಗುಣಿತದ ತಪ್ಪುಗಳು. ಅದರಲ್ಲಿ ಏಳೆಂಟು ನಾನೇ ಬರೆದ ಬಟನ್ನುಗಳಲ್ಲಿದ್ದವು.